ಇಪ್ಪತ್ನಾಲ್ಕು ಬೊಟ್ಟು

ಟ್ರೇಯ ಇಪ್ಪತ್ನಾಲ್ಕು ಗುಳಿಗಳ ಮೇಲೂ ಒಂದೊಂದು ಕುಂಕುಮದ ಬೊಟ್ಟಿತ್ತು. ಆಯುಧಪೂಜೆಯ ರಜೆ ಮುಗಿಸಿ ಆರ್.ಟಿ. ನಗರದ ಮನೆಯಿಂದ ಆಗಷ್ಟೇ ಬಂದ ತಸ್ನೀಮಳಿಗೆ ಎದೆ ಧಸಕ್ಕೆಂದಿತು. ಯಲಹಂಕದಾಚೆಯ ಆ ಸಂಶೋಧನಾ ಕೇಂದ್ರದ ತಣ್ಣನೆಯ ಕೋಣೆಯಲ್ಲಿ, 'ಅಲುಗಾಡಿಸಬಾರದು' ಎಂದು ಅವಳೇ ಕೈಯಾರೆ ಬರೆದು ಚೀಟಿ ಅಂಟಿಸಿದ್ದ ಟ್ರೇ ಅದು.

"ಅಂಕಲ್, ಇದೇನ್ ಮಾಡಿಟ್ಟಿದ್ದೀರಾ?"

ನೆಲ ಒರೆಸುತ್ತಿದ್ದ ಅಟೆಂಡರ್ ನರಸಿಂಹಯ್ಯ ನೆಟ್ಟಗಾದರು. "ಪೂಜೆ ಕಣಮ್ಮ. ಎಲ್ಲಾ ಮಿಷನ್ಗೂ ಇಟ್ಟೆ. ಇದೊಂದು ಮೂಲೇಲಿ ಬಣಬಣ ಅಂತ ಕೂತಿತ್ತು. ಇಪ್ಪತ್ನಾಕು ಮನೆ ಐತೆ, ಒಂದ್ಕಿಟ್ಟು ಒಂದ್ಕೆ ಬಿಟ್ರೆ ಏನ್ ಚೆಂದ?"

"ಅಲುಗಾಡಿಸಬಾರದು ಅಂತ ಬರೆದಿದ್ದೀನಲ್ಲಾ."

"ಅಲುಗಾಡಿಸ್ನಿಲ್ಲ. ಅದ್ಕೇ ಇದ್ದಲ್ಲೇ ಬಗ್ಗಿ ಬಗ್ಗಿ ಇಟ್ಟೆ. ಇನ್ನೂ ಸೊಂಟ ಇಡ್ಕೊಂಡೈತೆ."

ಇಂಥ ಮನುಷ್ಯನನ್ನು ಬೈಯುವುದಾದರೂ ಹೇಗೆ? ಜೀವಕೋಶದ ಹೊರಪೊರೆಯನ್ನು ಒಳಗಿನ ಹಂದರಕ್ಕೆ ಕಟ್ಟಿ ಹಿಡಿಯುವ ಪ್ರೋಟೀನುಗಳಿವೆ. ಅಂಥ ಒಂದರ ಆಕಾರ ಕಂಡುಹಿಡಿಯುವುದು ಅವಳ ಪಿಎಚ್.ಡಿ. ಕೆಲಸ. ತಲೆಯಿಂದ ಪೊರೆಯನ್ನೂ ಬಾಲದಿಂದ ಹಂದರವನ್ನೂ ಹಿಡಿಯುವ ಈ ಮಹರಾಯ, ಕೆಲಸವಿಲ್ಲದಾಗ ಬಾಲವನ್ನು ತಲೆಯ ಮೇಲೆ ಮಡಿಚಿಕೊಂಡು ತೆಪ್ಪಗಿರುತ್ತಾನೆ. ಆ ಮಡಿಕೆ ನೋಡಬೇಕೆಂದರೆ ಪ್ರೋಟೀನು ಹರಳುಗಟ್ಟಬೇಕು, ಹರಳಿಗೆ ಎಕ್ಸ್‌ರೇ ಬಿಡಬೇಕು. ಅದೋ, ಹದಿನಾಲ್ಕು ತಿಂಗಳಿಂದ ಗುಳಿಗಳನ್ನು ಮುಚ್ಚಿದ ಗಾಜಿನ ಬಿಲ್ಲೆಗಳ ಅಡಿಯಲ್ಲಿ ಬರೀ ಹನಿಯಾಗಿ ತೂಗುತ್ತಿತ್ತು. ಶುಕ್ರವಾರದೊಳಗೆ ಹರಳು ಕಾಣದಿದ್ದರೆ ಈ ಕೆಲಸ ಬಿಟ್ಟು ಬೇರೆಯದು ಹಿಡಿ ಎಂದು ಗೈಡ್ ವೇದಾ ಮೇಡಂ ಹೇಳಿಯಾಗಿತ್ತು. ಇವತ್ತು ಬುಧವಾರ.

ಸೂಕ್ಷ್ಮದರ್ಶಕದ ಕೊರಳಿನಿಂದ ಸೇವಂತಿಗೆ ಹಾರ ತೆಗೆದು ಪಕ್ಕಕ್ಕಿಟ್ಟು, ಅವಳು ಒಂದೊಂದೇ ಬೊಟ್ಟು ಒರೆಸುತ್ತ ನೋಡತೊಡಗಿದಳು. ಹದಿನೇಳು ಗುಳಿಗಳಲ್ಲಿ ಏನೂ ಇಲ್ಲ. ಹದಿನೆಂಟನೆಯದರಲ್ಲಿ ಕಲ್ಲುಸಕ್ಕರೆಯ ಚೂರಿನಂಥ ಒಂದು ಹರಳು, ಅಂಚುಗಳೆಲ್ಲ ಚೂಪಾಗಿ, ತಣ್ಣಗೆ ಕೂತಿತ್ತು.

ಅವಳು ಕುಣಿಯಲಿಲ್ಲ. ಉಳಿದ ಆರನ್ನೂ ಒರೆಸಿ ನೋಡಿದಳು, ಅವೂ ಖಾಲಿ. ಯುಗಾದಿಯ ಹೊತ್ತಿಗೆ ಹೀಗೇ ಒಂದು ಕಂಡಾಗ ಲ್ಯಾಬಿಗೆಲ್ಲ ಜಹಾಂಗೀರ್ ಹಂಚಿದ್ದಳು. ಆಮೇಲೆ ನೋಡಿದರೆ ದ್ರಾವಣದಲ್ಲಿದ್ದ ಉಪ್ಪೇ ಹರಳುಗಟ್ಟಿತ್ತು. ಕ್ಯಾಂಟೀನಿನಲ್ಲಿ ಸಾಂಬಾರಿಗೆ ಉಪ್ಪು ಸಾಲದಿದ್ದರೆ ಈಗಲೂ ಎಲ್ಲರೂ ಅವಳ ಕಡೆ ತಿರುಗುತ್ತಾರೆ.

ಮೇಡಮ್ಮಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಸೂಜಿಯಿಂದ ಚುಚ್ಚಿ ನೋಡು" ಎಂದರು ವೇದಾ. "ಉಪ್ಪಾದ್ರೆ ಕಟ್ ಅನ್ನುತ್ತೆ. ಪ್ರೋಟೀನಾದ್ರೆ ಮೆತ್ತಗೆ ಉದುರುತ್ತೆ."

"ಮೇಡಂ, ಇರೋದೇ ಒಂದು."

"ಅದನ್ನೇ ಇಟ್ಕೊಂಡು ಪೂಜೆ ಮಾಡ್ತೀಯಾ?"

ನರಸಿಂಹಯ್ಯ ಗೋಡೆಯ ಕಡೆ ನೋಡಿದರು.

ತಸ್ನೀಮ್ ಬಿಲ್ಲೆಯನ್ನು ತಿರುಗಿಸಿಟ್ಟು ಸೂಜಿ ಎತ್ತಿಕೊಂಡಳು. ಹದಿನಾಲ್ಕು ತಿಂಗಳ ಮೇಲೆ ಸಿಕ್ಕ ಒಂದೇ ಒಂದನ್ನು ತನ್ನ ಕೈಯಿಂದಲೇ ಒಡೆಯಬೇಕು. ಬಿಸ್ಮಿಲ್ಲಾ ಎಂದು ಒತ್ತಿದಳು. ಸದ್ದಿಲ್ಲ. ಹದವಾದ ಮೈಸೂರುಪಾಕು ಬೆರಳಿಗೆ ಉದುರುವಂತೆ ಹರಳು ಪುಡಿಯಾಯಿತು. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ನಗುತ್ತಲೇ ಅತ್ತಳು.

"ಒಡ್ದೋಯ್ತಾ ತಾಯಿ?" ನರಸಿಂಹಯ್ಯನವರ ಮುಖ ಸಣ್ಣಗಾಯಿತು.

"ಒಡೆದಿದ್ದಕ್ಕೇ ಗೊತ್ತಾಗಿದ್ದು ಅಂಕಲ್. ಇದು ಉಪ್ಪಲ್ಲ."

ಫೋನಿನಿಂದ ಮೇಡಂ ದನಿ ಬಂತು. "ಶುಕ್ರವಾರದ ಮಾತು ಬಿಡು, ಇನ್ನೊಂದು ತಿಂಗಳು ತಗೋ. ಆದ್ರೆ ಇದೇ ಮತ್ತೆ ಬರಿಸ್ಬೇಕು. ಈ ಸಲ ಏನ್ ಬದಲಾಯಿಸಿದ್ದೆ? ಒಂದೂ ಬಿಡದ ಹಾಗೆ ಬರೆದಿಡು."

ತಸ್ನೀಮ್ ಏನನ್ನೂ ಬದಲಾಯಿಸಿರಲಿಲ್ಲ. ಅದೇ ದ್ರಾವಣ, ಅದೇ ಹದಿನೆಂಟು ಡಿಗ್ರಿ, ಅದೇ ಮೂಲೆ. ಫೋನಿಟ್ಟು ಅವಳು ಒರೆಸಿ ಕೆಂಪಾದ ಟಿಶ್ಯೂಗಳ ಕಡೆ ನೋಡಿದಳು, ಆಮೇಲೆ ನರಸಿಂಹಯ್ಯನವರ ಕಡೆ. ಕಾರ್ಯವಾಸಿ ಕತ್ತೆಕಾಲು ಎನ್ನುತ್ತಾರೆ. ಇಲ್ಲಿ ಕಾಲಿನವರೆಗೆ ಹೋಗಬೇಕಾಗಿರಲಿಲ್ಲ, ಬೆರಳು ಸಾಕಿತ್ತು. ನೋಟ್‌ಬುಕ್ ಬಿಚ್ಚಿದಳು.

"ಯಾವ ಬೆರಳಿಂದ ಇಟ್ರಿ ಅಂಕಲ್?"

"ಉಂಗುರದ ಬೆರಳು."

"ಕುಂಕುಮ ಒಣದಾ, ಒದ್ದೇದಾ?"

"ಒಸಿ ನೀರಾಕಿದ್ದೆ."

"ಎಷ್ಟು ಗಟ್ಟಿಯಾಗಿ ಒತ್ತಿದ್ರಿ?"

ಅಟ್ಟೂರಿನ ಮನೆಯಲ್ಲಿ ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿ ತಾವೇ ಬೊಟ್ಟಿಡುವ ನರಸಿಂಹಯ್ಯ ಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಂಡರು. "ಮಗೀನ ಅಣೆಗೆ ಇಡೋವಾಗ ಎಷ್ಟು ಒತ್ತೀವಿ? ಅಷ್ಟೇಯ."

"ಅಷ್ಟೇ ಅಂದ್ರೆ ಆಗಲ್ಲ, ನಂಬರ್ ಬೇಕು" ಎಂದು ಅವಳು ಅವರನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮುಂದೆ ನಿಲ್ಲಿಸಿದಳು. "ಇದರ ಮೇಲೆ ಹಾಗೇ ಒತ್ತಿ."

ಅವರು ಒತ್ತಿದರು. ಮೂವತ್ತೆಂಟು ಗ್ರಾಂ. ಇನ್ನೊಮ್ಮೆ ಎಂದಳು. ಅರವತ್ತೊಂದು. ಮತ್ತೊಮ್ಮೆ. ನಲವತ್ತೈದು. ಮೂರನ್ನೂ ಕೂಡಿಸಿ ಭಾಗಿಸಿ, ನಲವತ್ತೆಂಟು ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.

ನರಸಿಂಹಯ್ಯ ಅವಳ ಭುಜದ ಮೇಲಿಂದ ಇಣುಕಿದರು.

"ಬರ್ಕೋಳಮ್ಮ. ಆದ್ರೆ ಅದು ತಕ್ಕಡೀಗೆ ಒತ್ತಿದ್ದು."