ಇಪ್ಪತ್ನಾಲ್ಕು ಡಿಗ್ರಿ

ಆಫೀಸಿನ ಸರ್ವರ್ ಕಂಪ್ಯೂಟರಿನ ಮೇಲಿಟ್ಟ ಅಂಗೈಯನ್ನು ಅವಳು ಥಟ್ಟನೆ ಹಿಂತೆಗೆದಳು. ಕಾದ ಹೆಂಚು ಮುಟ್ಟಿದ ಹಾಗಿತ್ತು. ಪರದೆಯ ಮೇಲೆ ಮಾತ್ರ ಬೆಳಿಗ್ಗೆಯಿಂದ ಅದೇ ಇಪ್ಪತ್ನಾಲ್ಕು ಡಿಗ್ರಿ, ಅದೇ ಹಸಿರು ದೀಪ.

“ನನಗಂತೂ ತಲೆ ಕೆಟ್ಟೋಯ್ತು ಮೇಡಂ,” ಎನ್ನುತ್ತ ರಿಪೇರಿಯವನು ಮುಷ್ಟಿ ಬಿಚ್ಚಿದ. ಶಾಖ ಅಳೆಯುವ ಸೆನ್ಸರ್ ವೈರಿನ ಸಮೇತ ಅವನ ಕೈಯಲ್ಲಿತ್ತು. “ಕಿತ್ತು ಹತ್ತು ನಿಮಿಷ ಆಯ್ತು. ಈಗ್ಲೂ ಇಪ್ಪತ್ನಾಲ್ಕೇ ತೋರಿಸ್ತಿದೆ.”

“ಯಾವ ಪುಣ್ಯಾತ್ಮ ಬರೆದನೋ ಈ ಪ್ರೋಗ್ರಾಂನ,” ಎಂದು ಗೊಣಗುತ್ತ ಅವಳು ಕೋಡ್ ತೆರೆದಳು. ಸೆನ್ಸರ್ ಉತ್ತರ ಕೊಡದಿದ್ದರೆ ಹಳೆಯ ಅಂಕಿಯನ್ನೇ ತೋರಿಸಬೇಕೆಂಬ ಸಾಲು ಸಿಕ್ಕಿತು. ಪಕ್ಕದಲ್ಲೊಂದು ಟಿಪ್ಪಣಿ: ‘ಕೆಂಪು ದೀಪ ಬಂದಾಗೆಲ್ಲ ಮ್ಯಾನೇಜರ್ ಜೀವ ತಿಂತಾರೆ. ಸದ್ಯಕ್ಕೆ ಹೀಗಿರಲಿ.’ ಅದರ ಕೆಳಗೆ ಬರೆದವರ ಹೆಸರು, ಮೂರು ವರ್ಷದ ಹಿಂದಿನ ತಾರೀಖು.

“ಯಾರಂತೆ ಮೇಡಂ?” ಎಂದು ಅವನು ಬಗ್ಗಿ ನೋಡಿದ.

ಉರಿಯುತ್ತಿದ್ದ ಅಂಗೈಯನ್ನು ಅವಳು ತನ್ನ ಹೆಸರಿನ ಮೇಲೆ ಒತ್ತಿ ಹಿಡಿದಳು.