ವಾಚ್ಯಾರ್ಥ

ಡಾಕ್ಟರು ತನ್ನನ್ನೇ ಏನಾದರೂ ಕೇಳಿಬಿಟ್ಟರೆ? ಸಾಗರದ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ಧನ್ಯಶ್ರೀಗೆ ಅಜ್ಜಿಯ ಮರೆವಿಗಿಂತ ಈ ಚಿಂತೆಯೇ ದೊಡ್ಡದಾಗಿತ್ತು. ಕನ್ನಡ ಎಂ.ಎ. ಮುಗಿಸಿದ್ದರೂ ಹೊಸಬರ ಮುಂದೆ ಅವಳ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ನಿಂತದ್ದೆಲ್ಲ ಆಮೇಲೆ ಡೈರಿಗೆ ಹೋಗುತ್ತಿತ್ತು.

ಅಜ್ಜಿ ಶಾಂತಮ್ಮ ಈಚೆಗೆ ಒಲೆ ಆರಿಸಲು ಮರೆಯುತ್ತಿದ್ದಳು. "ತಲೆ ಸರಿ ಇದ್ಯಾ ಅಂತ ತೋರ್ಸ್ಕೊಂಡ್ ಬಾ. ಸರಿ ಇಲ್ಲ ಅಂದ್ರೆ ಇನ್ಮೇಲೆ ಅಮ್ಮನ್ನ ಹೊಸ್ತಿಲು ದಾಟಿಸೋದೇ ಬೇಡ" ಎಂದು ಚಿಕ್ಕಪ್ಪ ವಿನೋದ್ ಹೇಳಿ ಕಳಿಸಿದ್ದ.

ಡಾಕ್ಟರು ಈ ಸೀಮೆಗೆ ಹೊಸಬರು, ಎಳೆ ವಯಸ್ಸಿನವರು.

"ಅಜ್ಜಿ, ಇವತ್ತು ಯಾವ ವಾರ?"

"ಶನಿವಾರ. ನಂದು ಒಪ್ಪತ್ತು. ಬೇಗ ಬಿಡು ತಾಯಿ, ಹಸಿವು."

"ನಿಮ್ಮ ಮನೆ ಎಲ್ಲಿ?"

"ಮಗನ ಮನೆ ಹೊಸನಗರದಲ್ಲಿ. ನಮ್ಮನೆ ನೀರಡೀಲಿ."

"ನೀರಿನ ಹತ್ತಿರವಾ?"

"ಹತ್ರ ಅಲ್ಲ, ಅಡೀಲಿ. ಕಿವಿ ಮಂದವಾ ನಿಂಗೆ?"

ಡಾಕ್ಟರು ನಗಲಿಲ್ಲ. ಧನ್ಯಶ್ರೀಯ ಕಡೆ ತಿರುಗಿ, "ಆಗಾಗ ಹೀಗೆ ಏನೇನೋ ಹೇಳ್ತಾರಾ?" ಎಂದರು.

ಮಾತಿನ ನೇರ ಅರ್ಥವೇ ವಾಚ್ಯಾರ್ಥ, ಅದರಾಚೆಗೆ ಲಕ್ಷ್ಯಾರ್ಥ, ವ್ಯಂಗ್ಯಾರ್ಥ ಎಂದು ತರಗತಿಯಲ್ಲಿ ಓದುವಾಗಲೆಲ್ಲ ಅವಳಿಗೆ ಅಜ್ಜಿಯ ಈ ಮಾತೇ ನೆನಪಾಗುತ್ತಿತ್ತು. ಚಿಕ್ಕವಳಿದ್ದಾಗ ಅದನ್ನು ಕಥೆ ಎಂದುಕೊಂಡಿದ್ದಳು, ಬಾಗಿಲಿಗೆ ಮೊಸಳೆ ಕಾವಲಿರುವ ಮನೆಯ ಕಥೆ. ಆಮೇಲೊಂದು ಬೇಸಿಗೆ ಶರಾವತಿಯ ಹಿನ್ನೀರು ತೀರಾ ಇಳಿದಿತ್ತು. ಅಜ್ಜಿ ಅವಳ ಕೈಹಿಡಿದು ಬಿರುಕುಬಿಟ್ಟ ಕೆಸರಿನ ಮೇಲೆ ನಡೆಸಿಕೊಂಡು ಹೋದಳು. ಅಣೆಕಟ್ಟು ತುಂಬಿದಾಗ ಮುಳುಗಿದ ಅಜ್ಜಿಯ ತವರೂರು ಅದು. ಉಳಿದದ್ದು ಒಂದು ಬಾವಿಕಟ್ಟೆ, ಬಯಲಲ್ಲಿ ಒಂಟಿಯಾಗಿ ಒಂದು ಹೊಸ್ತಿಲುಕಲ್ಲು.

ಅದರ ಮುಂದೆ ಅಜ್ಜಿ ತಡೆದು ನಿಲ್ಲಿಸಿದ್ದಳು. "ಚಪ್ಪಲಿ ಅಲ್ಲೇ ಬಿಡೇ. ಮನೆ ಒಳಗೆ ಹಾಕ್ಕೊಂಡ್ ಬರ್ತಾರಾ?"

ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಡುಮನೆ, ಅಡುಗೆಮನೆ, ತನ್ನಪ್ಪ ಎಲೆಯಡಿಕೆಯ ಕವಳ ಹಾಕುತ್ತ ಕೂರುತ್ತಿದ್ದ ಮೂಲೆ, ಎಲ್ಲವನ್ನೂ ತೋರಿಸಿದ್ದಳು. ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿದ್ದಳು. ಮೊಮ್ಮಗಳೂ ತಗ್ಗಿಸಿದ್ದಳು.

ಡಾಕ್ಟರ ಪೆನ್ನು ಚೀಟಿಯ ಮೇಲೆ ಇಳಿಯಿತು. ಅಜ್ಜಿ ಸೆರಗು ಸರಿಮಾಡಿಕೊಂಡು, "ನೀನಾದ್ರೂ ಹೇಳೇ" ಎಂದಳು, ಮೆಲ್ಲಗೆ.

"ಏನೇನೋ ಅಲ್ಲ ಮೇಡಂ."

ಪೆನ್ನು ನಿಂತಿತು. ಧನ್ಯಶ್ರೀಗೆ ತನ್ನ ದನಿಯೇ ಗುರುತು ಸಿಗಲಿಲ್ಲ.

"ಆ ಮನೆ ನೀರಡೀಲೇ ಇದೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೀನಿ."