ತೆಗೆದದ್ದೋ, ಹೋದದ್ದೋ

"ಐ ಟುಕ್ ದಿ ಪೇಸ್ ಆಫ್ ದಿ ಬಾಲ್," ಎಂದು ಮಗಳು ಕನ್ನಡಿಗೆ ಹೇಳಿದಳು. ಕನ್ನಡಿ ಒಪ್ಪಿತು. ಹಿಂದೆ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದ ತಾಯಿ ಒಪ್ಪಲಿಲ್ಲ.

"ಯಾವ ಆಫ್?"

"ಆಫ್ ಅಂದ್ರೆ ಆಫ್. ಅದರಲ್ಲೂ ಎರಡು ಥರ ಇದೆಯಾ?"

"ಇದೆ. ಒಂದು ಎಫ್ ಇದ್ರೆ ಬರೀ ಚೆಂಡಿನ ವೇಗ ಅಂತಷ್ಟೇ. ಎರಡು ಎಫ್ ಇದ್ರೆ ಚೆಂಡಿನಿಂದ ವೇಗ ತೆಗೆದೆ ಅಂತ. ಲೈಟ್ ಆಫ್ ಮಾಡ್ತೀವಲ್ಲ, ನಿಂಗೆ ಬೇಕಾದ್ದು ಆ ಆಫ್. ಒತ್ತಿ ಹೇಳು."

"ಬಾಯಿ ಬಿಟ್ಟರೆ ಎಫ್ ಎಣಿಸ್ತಾರಾ ಅವರು? ಬೌಲಿಂಗ್ ನೋಡೋರಮ್ಮ. ನಿನ್ನ ಥರ ಕೆಂಪು ಪೆನ್ ಹಿಡ್ಕೊಂಡು ಕೂತಿರಲ್ಲ."

ನಿನ್ನೆಯ ಪಂದ್ಯದಲ್ಲಿ ಅವಳು ಎಂದಿನ ಬಿರುಸು ಬಿಟ್ಟು, ನಿಧಾನದ ಎಸೆತಗಳಲ್ಲೇ ಮೂರು ವಿಕೆಟ್ ಕಿತ್ತಿದ್ದಳು. ದೊಡ್ಡ ತಂಡದ ಆಯ್ಕೆಗಾರರು ನಾಳೆ ಬಾ ಎಂದಿದ್ದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ಅಂಥ ವೇಗದ ಬೌಲರ್ ಇದ್ದಕ್ಕಿದ್ದಂತೆ ನಿಧಾನವಾದದ್ದೇಕೆ ಎಂದು ಕೇಳದೆ ಬಿಡುವವರಲ್ಲ. ಅದಕ್ಕೇ ಈ ಒಂದು ವಾಕ್ಯವನ್ನು ತಿದ್ದಿ ತೀಡುವ ಕೆಲಸ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ತಾಯಿಯ ತಲೆಗೆ ಬಿದ್ದಿತ್ತು.

ಮಗಳು ತಲೆ ಬಾಚತೊಡಗಿದಳು. ಬಾಚಣಿಗೆ ಎಡಗೈಯಲ್ಲಿತ್ತು. ಚೆಂಡೆಸೆಯುವ ಬಲಗೈ ಪಕ್ಕದ ಮನೆಯವರದೇನೋ ಎಂಬಂತೆ ಸುಮ್ಮನೆ ಇಳಿಬಿದ್ದಿತ್ತು. ತಾಯಿಯ ಮಡಿಲಲ್ಲಿ ಅಂಗಿ ಅರ್ಧ ಮಡಿಕೆಗೇ ನಿಂತಿತು.

"ಆಫ್ ಸರಿಹೋಯ್ತು," ಎಂದಳು ತಾಯಿ ಮೆಲ್ಲಗೆ. "ಟುಕ್ ಅನ್ನೋದೇ ಅನುಮಾನ."

"ಅದಕ್ಕೇನಾಯ್ತು ಈಗ?"

"ಟುಕ್ ಅಂದ್ರೆ ನೀನೇ ಬೇಕು ಅಂತ ತೆಗೆದದ್ದು. ತಾನಾಗಿ ಹೋಗಿದ್ರೆ ಹಾಗನ್ನೋ ಹಾಗಿಲ್ಲ. ಆಗ ಲಾಸ್ಟ್ ಅನ್ನಬೇಕು, ಕಳ್ಕೊಂಡೆ ಅಂತ. ಐ ಲಾಸ್ಟ್ ಪೇಸ್."

ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡಿತು.

"ಯಾವಾಗಿಂದ ನೋಯ್ತಿದೆ ಭುಜ?"

"ವ್ಯಾಕರಣ ಕೇಳಿದ್ರೆ ಡಾಕ್ಟರ್ ಆಗ್ಬಿಡ್ತೀಯಲ್ಲಮ್ಮ!" ಮಗಳು ನಗಲು ಹೋದಳು, ನಗು ಬರಲಿಲ್ಲ. "ನೋವು ಅಂದ್ರೆ ಅಲ್ಲಿಂದಲೇ ಮನೆಗೆ ಕಳಿಸ್ತಾರೆ. ಈ ಸಲ ಬಿಟ್ರೆ ಮತ್ತೆ ಯಾರು ಕರೀತಾರೆ ನನ್ನ?"

"ಬಚ್ಚಿಟ್ಕೊಂಡು ಎಸೀತಾ ಹೋದ್ರೆ ಕೈ ಉಳಿಯತ್ತಾ?"

ಮಗಳು ಸಿಕ್ಕಿಕೊಂಡಿದ್ದ ಬಾಚಣಿಗೆಯನ್ನು ಎಳೆದು ಬಿಡಿಸಿದಳು. "ನೀನು ಹೇಳಿಕೊಟ್ಟಿದ್ದನ್ನೇ ಹೇಳ್ತೀನಿ, ಬಿಡು," ಎಂದಳು.

"ಎರಡೂ ಹೇಳಿಕೊಟ್ಟಿದ್ದೀನಲ್ಲೇ."

ಮಗಳು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡಳು. ಕನ್ನಡದಲ್ಲಾಗಿದ್ದರೆ ಚೆಂಡು, ವೇಗ ಎಂದೆಲ್ಲ ಹೇಳುತ್ತ, ಕ್ರಿಯಾಪದವನ್ನು ಮಾತಿನ ತುದಿಯವರೆಗೂ ತಳ್ಳಿಕೊಂಡು ಹೋಗಬಹುದಿತ್ತು. ಇಂಗ್ಲಿಷಿನಲ್ಲಿ ಆ ಸಲಿಗೆಯಿಲ್ಲ; ಐ ಎಂದ ಕೂಡಲೇ ಕ್ರಿಯಾಪದ ಬರಲೇಬೇಕು.

"ಐ..." ಎಂದಳು. ಅಲ್ಲಿಗೇ ನಿಂತಳು.